ಕಾಡಿನಿಂದ ಡಿಪೋದವರೆಗೆ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಮ್ಮ ಕಾಳಿ ಕಣಿವೆಯಲ್ಲಿ ಎಷ್ಟೋ ಮನೆಗಳ ಹಿಂದಿನ ತಲೆಮಾರು ನಾಟಾ ಕೆಲಸದಿಂದ ಅನ್ನ ಉಂಡಿದೆ. ಮರ ಕಡಿಯುವುದು ಎಲ್ಲರಿಗೂ ಗೊತ್ತು. ಮರ ಬಿದ್ದ ಮೇಲಿನ ಕಷ್ಟ ಗೊತ್ತಿರುವವರು ಈಗ ಕಡಿಮೆ.

ಕೊಂಬೆ ಸವರಿ, ಅಳತೆ ಹಾಕಿ ದಿಮ್ಮಿ ಮಾಡಬೇಕು. ಇಲಾಖೆಯವರು ಸುತ್ತಿಗೆಯಿಂದ ಮುದ್ರೆ ಹೊಡೆಯದೆ ಅದು ಕಾಡು ಬಿಡುವಂತಿಲ್ಲ. ಇಳಿಜಾರಿನಲ್ಲಿ ಸರಪಳಿ ಕಟ್ಟಿ ಎಳೆಯಲು ಆನೆ. ದಿಮ್ಮಿ ಜಾರಿ ಆನೆಯ ಹಿಂಗಾಲಿಗೆ ಬಡಿಯದಂತೆ ನೋಡುವುದೇ ಮಾವುತನ ಜಾಣ್ಮೆ. ಆನೆ ಇಲ್ಲದ ಕಡೆ ಎತ್ತು, ಕೋಣ. ಗಾಡಿಗೆ ಏರಿಸಲು ಎರಡು ಗಳುಗಳನ್ನು ಓರೆಯಾಗಿ ಇಟ್ಟು, ಹಗ್ಗ, ಹಾರೆ ಹಿಡಿದು ಉರುಳಿಸುತ್ತಿದ್ದರು. ಒಬ್ಬ ಪದ ಹೇಳುವುದು, ಉಳಿದವರು 'ಐಸಾ' ಎನ್ನುವುದು. ಪದ ತಪ್ಪಿದರೆ ಯಾರದ್ದೋ ಕಾಲು ಹೋಯಿತು. ಗುತ್ತಿಗೆದಾರನ ಪುಸ್ತಕದಲ್ಲಿ ಘನ ಅಡಿ ಬರೆಯುತ್ತಿದ್ದರು, ಕಾಲು ಬರೆಯುತ್ತಿರಲಿಲ್ಲ.

ಕೊಯ್ಯುವ ಕೆಲಸ ನಾನು ಹತ್ತಿರದಿಂದ ಕಂಡದ್ದು. ಆಳೆತ್ತರದ ಗುಂಡಿ, ಅದರ ಮೇಲೆ ಅಡ್ಡ ದಿಮ್ಮಿ. ಕೆಮ್ಮಣ್ಣಿನಲ್ಲಿ ಅದ್ದಿದ ದಾರವನ್ನು ಬಿಗಿಯಾಗಿ ಹಿಡಿದು ಚಿಮ್ಮಿದರೆ ನೆಟ್ಟಗೆ ಗೆರೆ ಬೀಳುತ್ತದೆ. ಮೇಲಿನವನು ಗೆರೆ ಹಿಡಿದು ಗರಗಸ ನಡೆಸುತ್ತಾನೆ, ಕೆಳಗಿನವನು ಎಳೆಯುತ್ತಾನೆ. ಹೊಟ್ಟೆಲ್ಲ ಕೆಳಗಿನವನ ಕಣ್ಣಿಗೆ, ಮೂಗಿಗೆ. ನನ್ನ ಅಪ್ಪ ಕೆಳಗಿನವರು. ಕೆಲಸವಿಲ್ಲದ ಮಳೆಗಾಲದಲ್ಲೂ ಅವರ ಕೆಮ್ಮು ನಿಲ್ಲಲಿಲ್ಲ.

ನದಿಯಲ್ಲಿ ಬಿಟ್ಟರೆ ತೇಲಿಕೊಂಡು ಹೋಗುತ್ತದಲ್ಲ ಎನ್ನಬೇಡಿ. ಹಸಿ ಸಾಗವಾನಿ ಬಲು ಭಾರ, ಮತ್ತಿಯಂತೂ ಮುಳುಗಿಯೇ ಹೋಗುತ್ತದೆ. ಬರ್ಮಾದಲ್ಲಿ ಸಾಗವಾನಿಯ ಬುಡದ ಸುತ್ತ ತೊಗಟೆ ಕೊರೆದು, ನಿಂತಲ್ಲೇ ಒಣಗಲು ಬಿಟ್ಟು, ವರ್ಷಗಳ ನಂತರ ಕಡಿದು ನದಿಗೆ ಬಿಡುತ್ತಿದ್ದರು. ಭಾರದ ಮರಕ್ಕೆ ಬಿದಿರಿನ ಕಟ್ಟು ಕಟ್ಟುವುದು ಇನ್ನೊಂದು ಉಪಾಯ. ನಮ್ಮ ಕಾಳಿ ಮೇಲ್ಭಾಗದಲ್ಲಿ ಬಂಡೆಗಳ ನದಿ. ಕದ್ರಾದ ಕೆಳಗೆ ಶಾಂತವಾದ ಮೇಲೆಯೇ ತೆಪ್ಪ ಕಟ್ಟಿ ಕಾರವಾರದ ಕಡೆ ಸಾಗಿಸಲು ಅನುಕೂಲ. ದಾಂಡೇಲಿಯ ನಾಟಾಕ್ಕೆ ಅಳ್ನಾವರದ ರೈಲು ಬಂತು, ಆಮೇಲೆ ಲಾರಿ. 1983ರಲ್ಲಿ ಶಿರಸಿ ಕಡೆ ಅಪ್ಪಿಕೋ ಚಳವಳಿ ಎದ್ದಿತು. ಕಾಡು ಉಳಿಯಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ.

ಶಾಲೆಯ ಹಳೆಯ ಕೊಠಡಿ ಕೆಡವುತ್ತೀರಂತೆ. ಅದರ ತೊಲೆಗಳ ಮೇಲೆ ಬಾಚಿಯ ಏಟುಗಳು ಇನ್ನೂ ಕಾಣುತ್ತವೆ. ಒಂದು ತೊಲೆಯನ್ನು ಹರಾಜಿಗೆ ಹಾಕದೆ ಇಲ್ಲೇ ಉಳಿಸಿಕೊಳ್ಳಿ. ಗರಗಸ ಹಿಡಿದಿದ್ದ ಇಬ್ಬರು ಅಜ್ಜಂದಿರು ಊರಲ್ಲಿ ಇನ್ನೂ ಇದ್ದಾರೆ. ಒಂಬತ್ತನೆಯ ತರಗತಿಯ ಮಕ್ಕಳು ಈ ದೀಪಾವಳಿ ರಜೆಯಲ್ಲೇ ಹೋಗಿ ಅವರ ಮಾತು ಬರೆದುಕೊಂಡು ಬರಲಿ. ಒಬ್ಬರಿಗೆ ಈಗಲೇ ಕಿವಿ ಮಂದ, ಸ್ವಲ್ಪ ಗಟ್ಟಿಯಾಗಿ ಕೇಳಬೇಕು.