ಮನೆಯ ಯಂತ್ರಗಳೊಳಗಿನ ಪುಟ್ಟ ಕಂಪ್ಯೂಟರ್

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣ)



ನಾನು ಎಂ.ಟೆಕ್.ನಲ್ಲಿ ಓದಿದ್ದು, ಈಗ ಕೆಲಸ ಮಾಡುತ್ತಿರುವುದು ಎರಡೂ ಎಂಬೆಡೆಡ್ ಸಿಸ್ಟಮ್ ಎಂಬ ವಿಷಯದಲ್ಲೇ. ಹೆಸರು ಕೇಳಿಯೇ "ಅದೆಲ್ಲ ನಮಗೆ ತಿಳಿಯೋದಿಲ್ಲಮ್ಮ" ಎನ್ನಬೇಡಿ. ವಾಷಿಂಗ್ ಮಷೀನ್, ಮೈಕ್ರೋವೇವ್ ಓವನ್, ಇಂಡಕ್ಷನ್ ಒಲೆ, ಎ.ಸಿ., ಅಪಾರ್ಟ್‌ಮೆಂಟಿನ ಲಿಫ್ಟ್ – ದಿನವಿಡೀ ಇವುಗಳ ಜೊತೆ ಏಗುವವರು ನಾವೇ. ಇಂಥ ಯಂತ್ರದೊಳಗೆ ಹುದುಗಿದ್ದು, ಒಪ್ಪಿಸಿದ ಒಂದೇ ಕೆಲಸವನ್ನು ಮಾಡುವ ಪುಟ್ಟ ಕಂಪ್ಯೂಟರೇ ಎಂಬೆಡೆಡ್ ಸಿಸ್ಟಮ್.

ಅದರ ಮಿದುಳು ಮೈಕ್ರೋಕಂಟ್ರೋಲರ್ ಎಂಬ ಚಿಪ್. ಲೆಕ್ಕ ಮಾಡುವ ಭಾಗ, ನೆನಪಿನ ಭಾಗ ಎಲ್ಲವೂ ಒಂದೇ ಚಿಪ್‌ನಲ್ಲಿ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಸುವ 8051 ಎಂಬ ಚಿಪ್ಪನ್ನು ಇಂಟೆಲ್ 1980ರಲ್ಲಿ ತಂದಿತು. ಪ್ರೋಗ್ರಾಂ ಇಡಲು 4 ಕಿಲೋಬೈಟ್, ಕೆಲಸದ ನಡುವಿನ ನೆನಪಿಗೆ ಬರೀ 128 ಬೈಟ್. ಇಂದು ಯೂನಿಕೋಡ್‌ನಲ್ಲಿ ಕನ್ನಡದ ಒಂದು 'ಕ' ಕಳಿಸಲು ಸಾಮಾನ್ಯವಾಗಿ 3 ಬೈಟ್ ಬೇಕು. ಅಂದರೆ ಆ ನೆನಪಿನಲ್ಲಿ ನಮ್ಮ ಒಂದು ಉದ್ದ ವಾಕ್ಯವೂ ಹಿಡಿಸದು! ಆದರೂ ಒಂದು ಯಂತ್ರವನ್ನು ನಡೆಸಲು ಅಷ್ಟು ಸಾಕು.

ವಾಷಿಂಗ್ ಮಷೀನನ್ನೇ ನೋಡಿ. ನೀರು ಎಷ್ಟು ತುಂಬಿತೆಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಒಳಗಿನ ತೊಟ್ಟಿಯ ತಳದಿಂದ ಒಂದು ಸಣ್ಣ ಕೊಳವೆ ಮೇಲಕ್ಕೆ ಹೋಗಿರುತ್ತದೆ. ನೀರು ಏರಿದಂತೆ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಯ ಒತ್ತಡ ಹೆಚ್ಚುತ್ತದೆ. ತುದಿಯಲ್ಲಿರುವ ಸೆನ್ಸರ್ ಅದನ್ನು ಚಿಪ್‌ಗೆ ತಿಳಿಸುತ್ತದೆ, ಚಿಪ್ ನೀರಿನ ವಾಲ್ವ್ ಮುಚ್ಚಿಸುತ್ತದೆ. ಹಿಂಡುವಾಗ ಬಟ್ಟೆ ಒಂದೇ ಕಡೆ ಮುದ್ದೆಯಾದರೆ ಡ್ರಮ್ ಓಲಾಡುವುದನ್ನು ಗುರುತಿಸಿ, ನಿಧಾನಿಸಿ, ಮತ್ತೆ ಹರಡಲು ನೋಡುತ್ತದೆ. ದಪ್ಪ ಬೆಡ್‌ಶೀಟ್ ಒಂದನ್ನೇ ಹಾಕಿದಾಗ ಮಷೀನ್ ಹಿಂಡದೆ ಸತಾಯಿಸುವುದು ಇದಕ್ಕೇ.

ಸೆನ್ಸರ್ ಹೇಳಿದಷ್ಟೇ ಆ ಚಿಪ್‌ನ ಪ್ರಪಂಚ. ನೀರು ಬರುವ ಪೈಪಿನ ಜಾಲರಿಯಲ್ಲಿ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿಕೊಂಡರೆ "ನೀರು ಬರುತ್ತಿಲ್ಲ" ಎನ್ನುತ್ತದೆ. ಹೊರಹೋಗುವ ಫಿಲ್ಟರಿನಲ್ಲಿ ಹೇರ್‌ಪಿನ್ನೋ ನಾಣ್ಯವೋ ಸಿಕ್ಕಿಕೊಂಡರೆ "ನೀರು ಹೋಗುತ್ತಿಲ್ಲ" ಎನ್ನುತ್ತದೆ. ಪರದೆಯ ಮೇಲೆ ಮಿನುಗುವ ಕೋಡ್ ಹೇಳುವುದು ಇದನ್ನೇ. ಅದರ ಅರ್ಥ ಮ್ಯಾನ್ಯುಯಲ್‌ನಲ್ಲಿರುತ್ತದೆ. ಒಮ್ಮೆ ನಮ್ಮ ಮನೆಗೆ ಬಂದ ರಿಪೇರಿಯವರು ಕೋಡ್ ನೋಡುವ ಮೊದಲೇ "ಬೋರ್ಡ್ ಹೋಗಿದೆ ಮೇಡಂ, ಹೊಸದು ಹಾಕಬೇಕು. ಸಾರ್ ಮನೇಲಿ ಇದ್ದಾರಾ?" ಎಂದರು. ಕೋಡ್ ಹೇಳುತ್ತಿದ್ದುದು ಜಾಲರಿಯ ಕಥೆ. ಅವರನ್ನು ಕಳಿಸಿ, ಪ್ಲಗ್ ತೆಗೆದು, ನಲ್ಲಿ ಮುಚ್ಚಿ, ಜಾಲರಿಯನ್ನು ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ ತೊಳೆದೆ. ಅದೇ ಬೋರ್ಡಿನಲ್ಲಿ ಮಷೀನ್ ಈಗಲೂ ಓಡುತ್ತಿದೆ.

ಇನ್ನೊಂದು ಮಾತು, ಇದು ಪ್ರಾಣಕ್ಕೆ ಸಂಬಂಧಿಸಿದ್ದು. ಪ್ರೋಗ್ರಾಂ ಬರೆಯುವವಳಾಗಿಯೇ ಹೇಳುತ್ತೇನೆ, ಪ್ರೋಗ್ರಾಂ ಒಂದನ್ನೇ ನಂಬಿ ಕೂರಬಾರದು. ಕೆನಡಾದಲ್ಲಿ ತಯಾರಾದ ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸೆಯ ವಿಕಿರಣ ಯಂತ್ರದಲ್ಲಿ, ಹಿಂದಿನ ಮಾದರಿಗಳಲ್ಲಿದ್ದ ಕೆಲವು ಸುರಕ್ಷತಾ ಸ್ವಿಚ್‌ಗಳನ್ನು ಕೈಬಿಟ್ಟು ಆ ಹೊಣೆಯನ್ನು ಸಾಫ್ಟ್‌ವೇರಿಗೆ ಒಪ್ಪಿಸಿದ್ದರು. 1985ರಿಂದ 1987ರ ನಡುವೆ ಕನಿಷ್ಠ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ತಗುಲಿತು; ಕೆಲವರು ಪ್ರಾಣ ಕಳೆದುಕೊಂಡರು. ನಮ್ಮ ಕ್ಷೇತ್ರದಲ್ಲಿ ಇಂದಿಗೂ ಈ ಪಾಠ ಹೇಳಿಕೊಡುತ್ತಾರೆ.

ಅದಕ್ಕೇ ಮೈಕ್ರೋವೇವ್ ಬಾಗಿಲಿಗೆ ಚಿಪ್ಪನ್ನು ನೆಚ್ಚಿಕೊಳ್ಳದ ಸ್ವಿಚ್‌ಗಳೂ ಇರುತ್ತವೆ, ಅದೂ ಒಂದಕ್ಕಿಂತ ಹೆಚ್ಚು. ಬಾಗಿಲು ಸಡಿಲವಾದರೆ ಟೇಪ್ ಅಂಟಿಸಿ ಬಳಸಬೇಡಿ. ಗೀಸರಿನಲ್ಲಿ ಚಿಪ್ ಇರಲಿ, ಇಲ್ಲದಿರಲಿ, ಥರ್ಮೋಸ್ಟಾಟ್ ಕೈಕೊಟ್ಟರೆ ಕರೆಂಟ್ ಕಡಿಯುವ ಕಟ್‌ಔಟ್, ಒತ್ತಡ ಹೆಚ್ಚಾದರೆ ನೀರು ಬಿಡುವ ವಾಲ್ವ್ ಬೇರೆಯಾಗಿಯೇ ಇರುತ್ತವೆ. ನೀರು ಕಾಯುವಾಗ ಆ ವಾಲ್ವಿನಿಂದ ನಾಲ್ಕು ಹನಿ ಬೀಳುವುದು ಸಹಜ. ಸದಾ ಸುರಿಯುತ್ತಿದ್ದರೆ ತೋರಿಸಿ, ಆದರೆ "ಸೋರುತ್ತಿದೆ" ಎಂದು ಪ್ಲಂಬರಿಂದ ಅದನ್ನು ಮುಚ್ಚಿಸಬೇಡಿ.

ಈ ವಾರ ನಿಮ್ಮ ವಾಷಿಂಗ್ ಮಷೀನಿನ ಮ್ಯಾನ್ಯುಯಲ್ ಹುಡುಕಿ, ಕೋಡ್‌ಗಳ ಪುಟದ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಸಲ "ಸಾರ್ ಇದ್ದಾರಾ?" ಎಂದು ಯಾರಾದರೂ ಕೇಳಿದರೆ, "ನನ್ನ ಹತ್ತಿರವೇ ಹೇಳಿ, ಯಾವ ಕೋಡ್?" ಎನ್ನಿ.