ಯಜಮಾನಿಯ ಪಾರ್ಟು: ಚಿಂದೋಡಿ ಲೀಲಾ ಕುರಿತು ಒಂದು ತಕರಾರು

ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರು ಹಗಲು ಮಗ್ಗಿ ಕಲಿಸಿ, ರಾತ್ರಿ ಹಾರ್ಮೋನಿಯಂ ಮುಂದೆ ಕೂತು ಊರ ಹುಡುಗರಿಗೆ ನಾಟಕ ಕಲಿಸಿದವರು. ಅವರ ನೆನಪಿನಲ್ಲಿ ಮಾತಾಡುವ ಭಾಗ್ಯ ನನಗೆ ಸಿಕ್ಕಿದೆ. ಆದರೆ ಕಂಪನಿ ನಾಟಕದ ವಿಷಯದಲ್ಲಿ ಬೇರೆ ಊರಲ್ಲಾದರೆ ಸುಳ್ಳು ನಡೆದೀತು, ಈ ನಂದಿಗುಡಿಯಲ್ಲಿ ನಡೆಯದು.

ಚಿಂದೋಡಿ ಲೀಲಾ ಅವರ ಬದುಕಿನ ವಿವರ ನಿಮಗೆ ಗೊತ್ತಿದ್ದದ್ದೇ. ದಾವಣಗೆರೆಯ ಚಿಂದೋಡಿ ಮನೆತನ, ತಂದೆ ವೀರಪ್ಪನವರು 1928ರಲ್ಲಿ ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿ, ಬಾಲ್ಯದಿಂದಲೇ ಬಣ್ಣ. ‘ಕಿತ್ತೂರು ಚೆನ್ನಮ್ಮ’, ‘ಗಾಳಿಗೋಪುರ’, ‘ಶರಪಂಜರ’ದಂಥ ಚಿತ್ರಗಳು, ನಾಟಕ ಅಕಾಡೆಮಿಯ ಅಧ್ಯಕ್ಷ ಸ್ಥಾನ, 1988ರಲ್ಲಿ ಪದ್ಮಶ್ರೀ, 2010ರಲ್ಲಿ ನಿಧನ. ಇಷ್ಟು ಯಾವ ಪರಿಚಯ ಪುಸ್ತಕದಲ್ಲೂ ಸಿಗುತ್ತದೆ. ಆ ಪುಸ್ತಕಗಳು ಅವರನ್ನು ಯಾವ ಗೂಡಿನಲ್ಲಿ ಇಡುತ್ತವೆ ಎನ್ನುವುದೇ ನನ್ನ ತಕರಾರು.

ಸಿನಿಮಾ ಚರಿತ್ರೆ ಬರೆಯುವವರಿಗೆ ಅವರು ಪೋಷಕ ನಟಿ. ಕಲ್ಪನಾ ಅವರ ‘ಶರಪಂಜರ’ದ ಪಾತ್ರವರ್ಗದಲ್ಲಿ ಒಂದು ಹೆಸರು, ಅಷ್ಟೇ. ಹವ್ಯಾಸಿ ರಂಗಭೂಮಿಯ ವಿಮರ್ಶಕರಿಗೆ ಅವರ ಕಂಪನಿಯ ನಾಟಕ ‘ಪೊಲೀಸನ ಮಗಳು’ ಎಂಬ ಹೆಸರು ಕೇಳಿದೊಡನೆ ಮೂಗು ಮುರಿಯುವ ಚಟ. ಒಬ್ಬರು ತೆರೆಯ ಮೇಲಿನ ನಿಮಿಷ ಎಣಿಸುತ್ತಾರೆ, ಇನ್ನೊಬ್ಬರು ಮಾತಿನ ಮಡಿ ಅಳೆಯುತ್ತಾರೆ. ಸಂಜೆ ಗಲ್ಲಾಪೆಟ್ಟಿಗೆ ತುಂಬದಿದ್ದರೆ ಮರುದಿನ ಕಂಪನಿಯ ಒಲೆ ಹೊತ್ತಿಸುವವರು ಯಾರು ಎಂದು ಇಬ್ಬರೂ ಕೇಳುವುದಿಲ್ಲ. ಮುಕ್ಕಾಂ ಹುಡುಕಬೇಕು, ಪರವಾನಗಿ ತರಬೇಕು, ಪರದೆ, ಸೀನರಿ ಲಾರಿಗೆ ಏರಿಸಬೇಕು, ಮಳೆ ಹಿಡಿದರೆ ಖಾಲಿ ಕುರ್ಚಿಗಳ ಮುಂದೆಯೂ ಪಗಾರದ ಲೆಕ್ಕ ಹಾಕಬೇಕು. ಲೀಲಾ ಅವರ ದೊಡ್ಡ ಪಾರ್ಟು ಇದು. ಇದಕ್ಕೆ ಪ್ರಾಂಪ್ಟರ್ ಇರಲಿಲ್ಲ.

ಇದಕ್ಕೊಂದು ಆಕ್ಷೇಪಣೆ ಬರುತ್ತದೆ: ಕಂಪನಿ ಅಪ್ಪನದು, ಮಗಳದೇನು ಸಾಧನೆ? 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಗಂಡು ಪಾತ್ರಗಳನ್ನೂ ಹೆಂಗಸರ ಕೈಗಿತ್ತ ಆರ್. ನಾಗರತ್ನಮ್ಮನವರನ್ನು ಎದುರಿಗಿಟ್ಟು ಹೀಗೆ ಕೇಳುವವರಿದ್ದಾರೆ. ನಾಗರತ್ನಮ್ಮನವರಿಗೆ ನನ್ನ ನಮಸ್ಕಾರ ಸದಾ ಇದೆ. ಆದರೆ ಹೊಲ ಬಂದ ಹಾಗೆ ಕಂಪನಿ ಬರುವುದಿಲ್ಲ. ಹೊಲ ಬೀಳು ಬಿದ್ದರೂ ಹೊಲವೇ. ನಾಟಕ ನಿಂತ ಕಂಪನಿಯಲ್ಲಿ ಉಳಿಯುವುದು ಸಾಲ ಮತ್ತು ಹರಿದ ಪರದೆ. ಗುಬ್ಬಿ ವೀರಣ್ಣನವರದಂಥ ಕಂಪನಿಗೂ ತೆರೆ ಬಿದ್ದ ನಾಡಿನಲ್ಲಿ, ತಂದೆಯ ಕಂಪನಿಯ ದೀಪ ಆರದಂತೆ ನೋಡಿಕೊಂಡವರಿಗೆ ‘ವಾರಸುದಾರಳು’ ಎಂದಷ್ಟೇ ಹೇಳಿ ಮುಗಿಸುವುದು ಲೆಕ್ಕ ಗೊತ್ತಿಲ್ಲದವರ ಮಾತು.

ಬೆಳಗಾವಿಯನ್ನು ನೋಡಿ. ಮರಾಠಿ ಸಂಗೀತ ನಾಟಕಗಳ ರುಚಿ ಹತ್ತಿದ ಗಡಿ ಊರು ಅದು. ಅಲ್ಲಿ ಲೀಲಾ ನಾಟಕಕ್ಕೆಂದೇ ಥಿಯೇಟರ್ ಕಟ್ಟಿಸಿದರು. ಇದನ್ನು ಕನ್ನಡಾಭಿಮಾನ ಎಂದು ಹೊಗಳುವುದು ಸುಲಭ, ಹೊಗಳಿಕೆ ತಪ್ಪೂ ಅಲ್ಲ. ನನಗೆ ಕಾಣುವುದು ಬೇರೆ. ಗೂಟ ಹೊಡೆದು ಗೂಟ ಕೀಳುವುದೇ ಕಸುಬಾದವರು ಒಂದು ಕಡೆ ಗೋಡೆ ಎಬ್ಬಿಸಿದರು. ಮಳೆಗಾಲವನ್ನು ಗೆಲ್ಲಲು ಹೊರಟ ಯಜಮಾನಿಯ ಯೋಚನೆ ಅದು.

ಸಿನಿಮಾ ಬಂದು ನಾಟಕ ಕಂಪನಿಗಳನ್ನು ನುಂಗಿತು ಎಂಬ ಹಳೆಯ ವಾದವನ್ನೂ ನಾನು ಇಡಿಯಾಗಿ ಒಪ್ಪುವುದಿಲ್ಲ. ಈ ಭಾಗದ ಜಾತ್ರೆಗಳಲ್ಲಿ ಇವತ್ತಿಗೂ ಹಳ್ಳಿ ಹುಡುಗರು ನಾಟಕ ಹಚ್ಚುತ್ತಾರೆ, ಸ್ತ್ರೀ ಪಾತ್ರಕ್ಕೆ ಹೊರಗಿನ ಕಲಾವಿದೆಯರನ್ನು ಕರೆಸುತ್ತಾರೆ. ನಮ್ಮ ಮೇಷ್ಟ್ರು ಬದುಕಿದ್ದರೆ ಈ ಮಾತಿಗೆ ತಲೆದೂಗುತ್ತಿದ್ದರು.

ಸಿನಿಮಾದ ಮಾತು ಬಂದಾಗ 1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರದ ಬಗ್ಗೆ ಹೇಳಲೇಬೇಕು. ಲೀಲಾ ನಿರ್ಮಾಣ, ಚಿಂದೋಡಿ ಬಂಗಾರೇಶ್ ನಿರ್ದೇಶನ. ಹಂಸಲೇಖ ಅವರಿಗೆ ಸಂಗೀತ ನಿರ್ದೇಶನಕ್ಕೆ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿಗಳು ಬಂದವು. ಹಾಗಾಗಿ ಎಲ್ಲರೂ ಅದನ್ನು ಸಂಗೀತದ ಚಿತ್ರ ಎಂದರು. ಒಂದು ಮಾತು ಮರೆತರು: ಗದುಗಿನ ಪಂಚಾಕ್ಷರಿ ಗವಾಯಿಗಳೂ ನಾಟಕ ಕಂಪನಿ ಕಟ್ಟಿದವರು. ಆಶ್ರಮದ ಅಂಧ ಮಕ್ಕಳ ಅನ್ನಕ್ಕೆ ಅವರು ನೆಚ್ಚಿದ್ದು ನಾಟಕದ ಕಲೆಕ್ಷನ್ನನ್ನು. ಸಿನಿಮಾ ಮಾಡಲು ಕೈಯಲ್ಲಿ ಕಾಸಿದ್ದಾಗ ಕಂಪನಿ ಯಜಮಾನಿಯೊಬ್ಬರು ಆರಿಸಿಕೊಂಡದ್ದು ಇನ್ನೊಬ್ಬ ಕಂಪನಿ ಯಜಮಾನರ ಕಥೆಯನ್ನು.