ಪ್ರಯೋಗಾಲಯದಲ್ಲಿ ಪೆರಿಸ್ಟಾಲ್ಟಿಕ್ ಪಂಪ್
(ವಿದ್ಯಾರ್ಥಿಗಳ ವಿಜ್ಞಾನ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ನಾವು ನುಂಗಿದ ತುತ್ತು ಕೇವಲ ತನ್ನ ಭಾರದಿಂದ ಹೊಟ್ಟೆಗೆ ಇಳಿಯುವುದಿಲ್ಲ. ಅನ್ನನಾಳದ ಸ್ನಾಯುಗಳು ಹಿಂದಿನಿಂದ ಹಿಸುಕುತ್ತಾ ಅದನ್ನು ಮುಂದಕ್ಕೆ ತಳ್ಳುತ್ತವೆ. ಈ ಚಲನೆಗೆ ಪೆರಿಸ್ಟಾಲ್ಸಿಸ್ ಎಂದು ಹೆಸರು. ಅದೇ ತತ್ತ್ವದ ಮೇಲೆ ನಡೆಯುವ ಒಂದು ಪಂಪಿನ ವಿಚಾರವನ್ನು ಇಂದು ನಿಮ್ಮ ಮುಂದೆ ಇಡಬಯಸುತ್ತೇನೆ. ಬಿ.ಎಸ್ಸಿ. ಮುಗಿಸಿ ಪ್ರಯೋಗಾಲಯದ ಕೆಲಸಕ್ಕೆ ಸೇರುವವರಿಗೆ ಇದು ಉಪಯೋಗಕ್ಕೆ ಬಂದೀತು.

ಇದರ ರಚನೆ ಬಹಳ ಸರಳ. ಬಾಗಿದ ಗೋಡೆಯೊಂದಕ್ಕೆ ಒರಗಿಸಿ ಮೃದುವಾದ ಕೊಳವೆಯನ್ನು ಇಟ್ಟಿರುತ್ತಾರೆ. ಮಧ್ಯದಲ್ಲಿ ತಿರುಗುವ ಚಕ್ರದ ಅಂಚಿನ ರೋಲರ್‌ಗಳು ಕೊಳವೆಯನ್ನು ಅದುಮುತ್ತಾ ಸಾಗುತ್ತವೆ. ಎರಡು ರೋಲರ್‌ಗಳ ನಡುವೆ ಸಿಕ್ಕಿದ ದ್ರವ ಮುಂದೆ ಹೋಗುತ್ತದೆ. ಅದುಮಿದ ಜಾಗ ಮತ್ತೆ ಉಬ್ಬಿದಾಗ ಹಿಂದಿನಿಂದ ಹೊಸ ದ್ರವ ಬಂದು ತುಂಬುತ್ತದೆ. ಬಂಧುಗಳನ್ನು ಡಯಾಲಿಸಿಸ್‌ಗೆ ಕರೆದೊಯ್ದವರು ಈ ತಿರುಗುವ ಚಕ್ರವನ್ನು ನೋಡಿಯೇ ಇರುತ್ತೀರಿ. ಅಲ್ಲಿ ರಕ್ತ ಮುಟ್ಟುವುದು ಕೊಳವೆಯನ್ನು ಮಾತ್ರ, ಪಂಪನ್ನಲ್ಲ. ಆಮ್ಲ, ಪ್ರತ್ಯಾಮ್ಲಗಳ ಜೊತೆ ಕೆಲಸ ಮಾಡುವ ನಮಗೂ ಬೇಕಾದದ್ದು ಇದೇ ಗುಣ. ಬಾಯಿಯಿಂದ ಪಿಪೆಟ್ ಎಳೆದು ಕಲಿತ ನನ್ನಂಥವರಿಗೆ ಇದೊಂದು ದೊಡ್ಡ ಅನುಕೂಲ!

ಅಮೆರಿಕದ ಲೆನರ್ಡ್ ಸ್ಕೆಗ್ಸ್ ರೂಪಿಸಿದ, 1957ರಲ್ಲಿ ಮಾರುಕಟ್ಟೆಗೆ ಬಂದ ಆಟೋಅನಲೈಸರ್ ಯಂತ್ರದಲ್ಲಿ ರಕ್ತದ ಮಾದರಿಯನ್ನೂ ರಾಸಾಯನಿಕಗಳನ್ನೂ ಬೇರೆ ಬೇರೆ ಕೊಳವೆಗಳಲ್ಲಿ ಒಂದೇ ಪಂಪ್ ಸಾಗಿಸುತ್ತಿತ್ತು. ಕೊಳವೆಯ ಒಳವ್ಯಾಸ ಬದಲಿಸಿದರೆ ಹರಿಯುವ ಪ್ರಮಾಣವೂ ಬದಲಾಗುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪ್ರಯೋಗಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ನಿಮಿಷಕ್ಕೆ 5 ಮಿ.ಲೀ.ನಂತೆ ಸೇರಿಸುತ್ತಿದ್ದೆ. ಮೊದಲ ದಿನ ಅಳತೆ ಮಾಡಿ ಪಂಪಿನ ವೇಗವನ್ನು ಹೊಂದಿಸಿದವನು ಮತ್ತೆ ಅತ್ತ ನೋಡಲಿಲ್ಲ. ದಿನ ಕಳೆದಂತೆ ಫಲಿತಾಂಶ ತಪ್ಪತೊಡಗಿತು. ತಕ್ಕಡಿಯನ್ನು ಸಂಶಯಿಸಿದೆ, ದ್ರಾವಣವನ್ನು ಮೂರು ಸಲ ಹೊಸದಾಗಿ ತಯಾರಿಸಿದೆ. ಎರಡು ವಾರ ವ್ಯರ್ಥವಾಯಿತು. ಕೊನೆಗೆ ನಮ್ಮ ಹಿರಿಯ ಸಹಾಯಕರೊಬ್ಬರು ಮಾತಾಡದೆ ಕೊಳವೆಯ ತುದಿಯನ್ನು ಅಳತೆ ಜಾಡಿಯಲ್ಲಿಟ್ಟು ಗಡಿಯಾರ ನೋಡುತ್ತಾ ನಿಂತರು. 10 ನಿಮಿಷಕ್ಕೆ 50 ಮಿ.ಲೀ. ಬರಬೇಕಾದಲ್ಲಿ 43 ಬಂತು. ರೋಲರ್‌ಗಳಡಿ ಸವೆದ ಕೊಳವೆ ಚಪ್ಪಟೆಯಾಗಿ ಮೊದಲಿನಂತೆ ಉಬ್ಬುತ್ತಿರಲಿಲ್ಲ. ಪಂಪಿಗೆ ಗೊತ್ತಿರುವುದು ತಾನು ಎಷ್ಟು ಸುತ್ತು ತಿರುಗಿದೆ ಎಂಬುದಷ್ಟೇ. ಎಷ್ಟು ದ್ರವ ಹೋಯಿತೆಂದು ನಾವೇ ಅಳೆಯಬೇಕು.

ಆದ್ದರಿಂದ ಹೊಸ ಕೊಳವೆ ಹಾಕಿದಾಗ ಕೆಲ ಹೊತ್ತು ಸುಮ್ಮನೆ ಓಡಿಸಿ, ಆಮೇಲೆ ಅಳೆಯಿರಿ. ನೀರಾದರೆ ತೂಗುವುದೇ ಸುಲಭ, 1 ಗ್ರಾಂ ಎಂದರೆ ಹೆಚ್ಚುಕಡಿಮೆ 1 ಮಿ.ಲೀ. ಕೆಲಸದ ಆರಂಭದಲ್ಲೂ ಕೊನೆಯಲ್ಲೂ ಅಳೆದು ಪುಸ್ತಕದಲ್ಲಿ ಬರೆಯಿರಿ. ಕೊಳವೆಯ ಆಯ್ಕೆಯಲ್ಲೂ ಎಚ್ಚರ ಬೇಕು. ಸಿಲಿಕೋನ್ ಕೊಳವೆ ನೀರಿನಂಥ ದ್ರಾವಣಗಳಿಗೆ ಒಳ್ಳೆಯದು, ಆದರೆ ಟಾಲ್ವಿನ್, ಹೆಕ್ಸೇನ್‌ಗಳಲ್ಲಿ ಉಬ್ಬುತ್ತದೆ. ಪ್ರಬಲ ಸಲ್ಫ್ಯೂರಿಕ್ ಆಮ್ಲ ಅದನ್ನು ಹಾಳುಮಾಡುತ್ತದೆ. ಟೆಫ್ಲಾನ್ ಬಹುತೇಕ ಯಾವ ರಾಸಾಯನಿಕಕ್ಕೂ ಜಗ್ಗದು, ಆದರೆ ರಬ್ಬರಿನಂತೆ ಹಿಗ್ಗಿ ಕುಗ್ಗದ ಕಾರಣ ಸಾಮಾನ್ಯ ರೋಲರ್‌ಗಳಡಿ ನಡೆಯದು. ದ್ರವ ನಾಡಿಯಂತೆ ಮಿಡಿಯುತ್ತಾ ಬರುವುದರಿಂದ ಒಂದೇ ಸಮನೆ ಹರಿವು ಬೇಕಾದಲ್ಲಿ ಹೆಚ್ಚು ರೋಲರ್‌ಗಳ ಪಂಪ್ ಬಳಸಬೇಕು.

ಸವೆದ ಕೊಳವೆ ಒಂದು ದಿನ ಒಡೆಯುತ್ತದೆ. ಪಂಪಿನ ಕೆಳಗೆ ಟ್ರೇ, ಕಣ್ಣಿಗೆ ಸುರಕ್ಷಾ ಕನ್ನಡಕ ಇರಲಿ. ಸಂಜೆ ಹೊರಡುವ ಮುನ್ನ ನೀರು ಹಾಯಿಸಿ ತೊಳೆದು, ಕೊಳವೆಯನ್ನು ರೋಲರ್‌ಗಳಿಂದ ಸಡಿಲಿಸಿಡಿ. ಅದನ್ನು ಹಾಕಿದ ತಾರೀಖನ್ನು ಚೀಟಿಯಲ್ಲಿ ಬರೆದು ಪಂಪಿಗೇ ಅಂಟಿಸಿದರೆ ಮುಂದೆ ಬರುವವರಿಗೂ ತಿಳಿಯುತ್ತದೆ.